ಗೊದಮೊಟ್ಟೆಯ ಬಾಲ ಎಲ್ಲಿಗೆ ಹೋಯಿತು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಗುಡ್ಡಗಳು ಎಲ್ಲಿ ಕೂರಬೇಕೆಂದು ಇನ್ನೂ ಜಾಗ ಹುಡುಕುತ್ತಿದ್ದವು. ಹೊಳೆಗೆ ಸಮುದ್ರದ ದಾರಿ ಗೊತ್ತಿರಲಿಲ್ಲ. ಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುತ್ತಿತ್ತು. ಗಾಳಿಗೆ ಮಾತ್ರ ಎಲ್ಲ ಗೊತ್ತಿತ್ತು, ಯಾಕೆಂದರೆ ಅದು ಒಂದು ಕಡೆ ಕೂತದ್ದೇ ಇಲ್ಲ.

ಆ ಕಾಲದಲ್ಲಿ ಬರುವುದು ಹೇಗೆಂದು ಎಲ್ಲರಿಗೂ ಗೊತ್ತಿತ್ತು ಮಗು. ಹೋಗುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಒಂದು ದೊಡ್ಡ ಬಂಡೆ. ಬಂಡೆಯ ನೆತ್ತಿಯ ಮೇಲೆ ಒಂದು ಗುಳಿ. ಮಳೆ ಬಂದು ಗುಳಿ ತುಂಬಿತು. ಬಂಡೆಯ ಮೇಲೆ ಹೀಗೆ ನೀರು ನಿಲ್ಲುವ ಗುಳಿಗೆ ದೊಣೆ ಅಂತಾರೆ. ಆ ದೊಣೆಯಲ್ಲಿ ಒಂದು ಗೊದಮೊಟ್ಟೆ ಇತ್ತು. ಲೋಕದ ಮೊಟ್ಟಮೊದಲ ಗೊದಮೊಟ್ಟೆ. ಕಪ್ಪಗೆ, ಗುಂಡಗೆ, ಹುಣಸೆಬೀಜಕ್ಕೆ ಬಾಲ ಬಂದ ಹಾಗೆ. ಗಾಳಿ ಅವಳನ್ನು ಗೊದ್ದಿ ಎಂದು ಕರೆಯುತ್ತಿತ್ತು.

ಗೊದ್ದಿಗೆ ತನ್ನ ಬಾಲ ಕಂಡರೆ ಬಲು ಪ್ರೀತಿ. ಬಾಲ ಬಡಿದರೆ ಮುಂದೆ ಹೋಗುತ್ತಿದ್ದಳು. ಬಾಲ ತಿರುಗಿಸಿದರೆ ಪಾಚಿಯ ಹತ್ತಿರ ಹೋಗುತ್ತಿದ್ದಳು. ಪಾಚಿ ತಿನ್ನುವುದು, ಈಜುವುದು, ಮತ್ತೆ ಪಾಚಿ ತಿನ್ನುವುದು. ಇಷ್ಟೇ ಅವಳ ದಿನ.

ಆದರೆ ಬಾಲ ತಾನಾಗಿ ಆಡುತ್ತಿರಲಿಲ್ಲ. ಬಾಲದ ಒಳಗೆ ಪುಟ್ಟ ಪುಟ್ಟ ಗೂಡುಗಳಿದ್ದವು. ಸೂಜಿಯ ಮೊನೆಗಿಂತ ಸಣ್ಣ ಗೂಡುಗಳು, ಒಂದರ ಪಕ್ಕ ಒಂದು, ಜೇನುಹುಟ್ಟಿನ ಹಾಗೆ. ಪ್ರತಿ ಗೂಡಿನಲ್ಲೂ ಒಂದು ಊರಿನಷ್ಟು ಮಂದಿ. ಅವರಿಗೆ ಸರದವರು ಎಂದು ಹೆಸರು, ಯಾಕೆಂದರೆ ಅವರ ಮೈಯೆಲ್ಲ ಮಣಿಗಳ ಒಂದೊಂದು ಸರ. ಇಪ್ಪತ್ತು ಬಗೆಯ ಮಣಿ. ಉದ್ದನೆಯ ಸರವನ್ನು ಮಡಿಸಿ, ತಿರುಚಿ, ಸುತ್ತಿದರೆ ಒಬ್ಬೊಬ್ಬರಿಗೆ ಒಂದೊಂದು ಆಕಾರ. ಯಾರ ಆಕಾರ ಹೇಗೋ ಅವರ ಕೆಲಸ ಹಾಗೆ. ನಿನ್ನ ಶಾಲೆಯ ಪುಸ್ತಕದಲ್ಲಿ ಇವರನ್ನೇ ಪ್ರೋಟೀನು ಅಂತಾರೆ, ಗೂಡನ್ನು ಜೀವಕೋಶ ಅಂತಾರೆ. ಆಗ ಪುಸ್ತಕ ಇರಲಿಲ್ಲ. ಸರದವರು, ಗೂಡು, ಅಷ್ಟೇ.

ಬಾಲದ ನಡುಮಧ್ಯದ ಒಂದು ಗೂಡಿನಲ್ಲಿ ಬೀರಣ್ಣ ಎಂಬವನಿದ್ದ. ಅವನು ಎಳೆಯುವವನು. ಉದ್ದನೆಯ ಗಟ್ಟಿ ಸರ ಅವನದು. ಜೊತೆಯವರೊಂದಿಗೆ ಸಾಲಾಗಿ ನಿಂತು ಎಳೆಯುತ್ತಿದ್ದ, ಬಿಡುತ್ತಿದ್ದ. ಎಳೆ, ಬಿಡು. ಎಳೆ, ಬಿಡು. ಅವರು ಎಳೆದಾಗ ಬಾಲ ಇತ್ತ ಬಾಗುತ್ತಿತ್ತು, ಬಿಟ್ಟಾಗ ಅತ್ತ.

ಅದೇ ಗೂಡಿನಲ್ಲಿ ದ್ಯಾವಕ್ಕ ಇದ್ದಳು. ಅವಳ ಕೈಗೆ ಒಂದು ಗುಣ ಇತ್ತು. ಯಾರ ಬೆನ್ನ ಮೇಲಾದರೂ ಅಂಗೈ ಆಡಿಸಿದರೆ ಸಾಕು, ಮಡಿಕೆ ಸರಿ ಇದೆಯೋ ಕೆಟ್ಟಿದೆಯೋ ಹೇಳಿಬಿಡುತ್ತಿದ್ದಳು. "ಭುಜದ ಹತ್ತಿರ ಒಂಚೂರು ಸಡಿಲ ಆಗೈತೆ ನೋಡು" ಎಂದು ಬೀರಣ್ಣನಿಗೆ ಹೇಳಿ, ತಾನೇ ಒತ್ತಿ ಸರಿ ಮಾಡುತ್ತಿದ್ದಳು. ಅವರಿಬ್ಬರೂ ಒಂದೇ ದಿನ ಆ ಗೂಡಿಗೆ ಬಂದವರು. ಬೀರಣ್ಣನ ಎಳೆತದ ಸದ್ದು ಕೇಳದೆ ದ್ಯಾವಕ್ಕನಿಗೆ ಒಂದು ದಿನವೂ ಬೆಳಗಾದದ್ದಿಲ್ಲ.

ಗೂಡಿನ ಮೂಲೆಯಲ್ಲಿ ಗುಡಾಣಪ್ಪ ಕೂತಿದ್ದ, ಪ್ರತಿ ಗೂಡಿಗೂ ಅಂಥವನೊಬ್ಬ. ದಪ್ಪನೆಯ ಬಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಅವನ ಮೈ. ಒಳಗೆಲ್ಲ ಟೊಳ್ಳು. ಮೇಲೆ ಒಂದು ಬಾಯಿ. ಆ ಬಾಯೊಳಗೆ ಹೋದವರ ಮಡಿಕೆ ಬಿಚ್ಚಿ, ಸರ ಹರಿದು, ಮಣಿ ಮಣಿಯಾಗಿ ಕೆಳಗೆ ಬರುತ್ತಿತ್ತು. ಮಣಿಗಳಿಗೆ ಏನೂ ಆಗುತ್ತಿರಲಿಲ್ಲ. ಹೊಸದಾಗಿ ಪೋಣಿಸಿದರೆ ಇನ್ನೊಬ್ಬರು ಎದ್ದು ನಿಲ್ಲುತ್ತಿದ್ದರು.

ಆದರೆ ಗುಡಾಣಪ್ಪನಿಗೆ ಕಣ್ಣಿರಲಿಲ್ಲ. ಹಳಬರು ಯಾರು, ಹೊಸಬರು ಯಾರು, ಅವನಿಗೆ ತಿಳಿಯುತ್ತಿರಲಿಲ್ಲ. ಬಾಯಿ ತೆರೆದಿರುತ್ತಿತ್ತು, ಹತ್ತಿರ ಸುಳಿದವರು ಒಳಗೆ.

ಹೀಗಿರುವಾಗ ಒಂದು ದಿನ ಹೊನ್ನಿ ಎಂಬ ಹೊಸ ಸರದವಳು ಗೂಡು ನೋಡುತ್ತಾ ತಿರುಗುತ್ತಿದ್ದಳು. ಆ ದಿನ ಬೆಳಿಗ್ಗೆ ತಾನೇ ಅವಳನ್ನು ಪೋಣಿಸಿದ್ದರು. ಮಣಿಗಳು ಇನ್ನೂ ಮಿರಿಮಿರಿ ಮಿಂಚುತ್ತಿದ್ದವು. "ಇಲ್ಲೇನೈತೆ?" ಎಂದು ಗುಡಾಣಪ್ಪನ ಬಾಯೊಳಗೆ ಬಗ್ಗಿ ನೋಡಿದಳು. ಅಷ್ಟೇ. ಬೀರಣ್ಣ ಓಡಿ ಬರುವುದರೊಳಗೆ ಕೆಳಗಿನಿಂದ ಹೊಳೆಯುವ ಮಣಿಗಳು ಉರುಳಿದವು.

"ಯಾರದು? ಯಾರು ಬಂದಿದ್ದು?" ಎಂದು ಗುಡಾಣಪ್ಪ ಕೇಳಿದ.

ದ್ಯಾವಕ್ಕ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು, "ಹೊನ್ನಿ, ಅಪ್ಪ. ಇವತ್ತು ಬಂದಿದ್ಳು. ಒಂದು ದಿನದ ಕೆಲಸಾನೂ ಮಾಡಿರಲಿಲ್ಲ."

ಗುಡಾಣಪ್ಪ ಕೆಳಗೆ ಬಿದ್ದ ಮಣಿಗಳನ್ನು ತಡವಿದ. "ನನಗೆ ಕಾಣಲ್ಲ ಕಣವ್ವ" ಎಂದ. "ನನಗೆ ಕಾಣಲ್ಲ." ಆಮೇಲೆ ಬಾಯಿ ಮುಚ್ಚಿದ. ಬಿಗಿಯಾಗಿ ಮುಚ್ಚಿದ. ಯಾರು ಕರೆದರೂ ತೆರೆಯಲಿಲ್ಲ. ಸುದ್ದಿ ಕೇಳಿ ಬೇರೆ ಗೂಡುಗಳ ಗುಡಾಣಪ್ಪಂದಿರೂ ಬಾಯಿ ಮುಚ್ಚಿದರು.

ಅಲ್ಲಿಂದ ಮುಂದೆ ಆ ಗೂಡಿನಿಂದ ಯಾರೂ ಹೋಗಲಿಲ್ಲ. ಸವೆದವರು ಉಳಿದರು. ಮಡಿಕೆ ಕೆಟ್ಟವರು ಉಳಿದರು. ಬಿಸಿಲು ಹೆಚ್ಚಾದ ದಿನ ನೀರು ಕಾದು, ಇನ್ನಷ್ಟು ಜನರ ಮಡಿಕೆ ಬಿಚ್ಚಿಕೊಳ್ಳುತ್ತಿತ್ತು. ಮಡಿಕೆ ಬಿಚ್ಚಿದವರು ಪಕ್ಕದವರಿಗೆ ಅಂಟಿಕೊಳ್ಳುತ್ತಿದ್ದರು. ಅಂಟಿಕೊಂಡವರು ಮುದ್ದೆಯಾಗುತ್ತಿದ್ದರು. ಓಡಾಡಲು ದಾರಿಯೇ ಇಲ್ಲದ ಹಾಗಾಯಿತು.

ಆ ಮುದ್ದೆಯ ಅಂಚಿನಲ್ಲಿ ಕರಿಯಜ್ಜ ಸಿಕ್ಕಿಕೊಂಡಿದ್ದ. ಒಂದು ಕಾಲದಲ್ಲಿ ಗೂಡಿನ ಗೋಡೆ ಹಿಡಿದು ನಿಂತಿದ್ದವನು. ಈಗ ಅವನ ಒಂದು ಕೈ ಯಾರದೋ ಬೆನ್ನಿಗೆ ಅಂಟಿತ್ತು, ಕಾಲು ಇನ್ಯಾರದೋ ಅಡಿ ಸಿಕ್ಕಿತ್ತು.

"ದ್ಯಾವಕ್ಕ, ನನ್ನ ಬೆನ್ನು ನೋಡವ್ವ, ಸರಿ ಹೋಗ್ತದಾ?" ಎಂದು ದಿನವೂ ಕೇಳುತ್ತಿದ್ದ.

ದ್ಯಾವಕ್ಕ ಅಂಗೈ ಆಡಿಸುತ್ತಿದ್ದಳು. ಸರಿ ಹೋಗುವುದಿಲ್ಲ ಎಂದು ಅವಳ ಕೈಗೆ ಗೊತ್ತಾಗುತ್ತಿತ್ತು. "ನಾಳೆ ನೋಡನ ಅಜ್ಜ" ಎನ್ನುತ್ತಿದ್ದಳು.

ಹೊರಗೆ ಬಿಸಿಲು ಏರುತ್ತಿತ್ತು. ದೊಣೆಯ ನೀರು ಮೊದಲು ಆನೆ ಮಲಗುವಷ್ಟಿತ್ತು. ಆಮೇಲೆ ಎಮ್ಮೆ ಮಲಗುವಷ್ಟಾಯಿತು. ಆಮೇಲೆ ಆಡು ಮಲಗುವಷ್ಟು.

ಗಾಳಿ ಬಂದು ಗೊದ್ದಿಯ ಹತ್ತಿರ ಕೆಳಗೆ ಬಗ್ಗಿತು. "ಗೊದ್ದಿ, ಮಳೆ ತುಂಬಾ ದೂರ ಹೋಗಿದೆ. ನಾನು ಹೋಗಿ ನೋಡಿ ಬಂದೆ. ಈಗಲೇ ಬರೋ ಲಕ್ಷಣ ಇಲ್ಲ."

"ಹಂಗಾದ್ರೆ ನಾನೇನು ಮಾಡಲಿ?"

"ಬಂಡೆಯ ಕೆಳಗೆ ಹೊಳೆ ಇದೆ. ಅಲ್ಲಿಗೆ ಹೋಗು."

"ಬಂಡೆ ಮೇಲೆ ಈಜೋಕಾಗಲ್ಲ."

"ಈಜಬೇಡ, ಹಾರು. ಕಾಲು ಬೆಳೆಸಿಕೋ."

ಕಾಲು ಎಂದರೇನೆಂದು ಗೊದ್ದಿ ಅಲ್ಲಿಯವರೆಗೆ ಕೇಳಿರಲಿಲ್ಲ. ಗಾಳಿ ತಾನು ಕಂಡ ಜಿಂಕೆಯ ಬಗ್ಗೆ, ಮೊಲದ ಬಗ್ಗೆ ಹೇಳಿತು. ಗೊದ್ದಿ ಬಹಳ ಹೊತ್ತು ಯೋಚಿಸಿದಳು. ಅವಳ ಕತ್ತಿನ ಒಳಗಿನಿಂದ ಒಂದು ಕರೆ ಹೊರಟಿತು. ಮೈಯೊಳಗಿನ ಕೆಂಪು ಹೊಳೆಯಲ್ಲಿ ತೇಲುತ್ತಾ, ಗೂಡಿನಿಂದ ಗೂಡಿಗೆ ಹೋಯಿತು. ಕಾಲು ಬೇಕು. ಕಾಲು ಬೇಕು.

ಹೊಟ್ಟೆಯ ಹಿಂದುಗಡೆ ಎರಡು ಪುಟ್ಟ ಮೊಗ್ಗು ಮೂಡಿದವು. ಸಾಸಿವೆ ಕಾಳಿನಷ್ಟು. ಮೂಡಿದವು, ಅಷ್ಟಕ್ಕೇ ನಿಂತವು.

"ಮಣಿ ಇಲ್ಲ" ಎಂದು ಮೊಗ್ಗಿನವರು ಕೂಗಿದರು. "ಕಾಲು ಕಟ್ಟೋಕೆ ಮಣಿ ಕಳಿಸಿ!"

ಮಣಿ ಎಲ್ಲಿಂದ ಬರಬೇಕು? ದೊಣೆಯ ಪಾಚಿ ಮುಗಿದಿತ್ತು. ಪಾಚಿ ಕೆರೆಯುತ್ತಿದ್ದ ಗೊದ್ದಿಯ ಬಾಯಿ ಕೂಡ ಬದಲಾಗತೊಡಗಿ, ಅವಳಿಗೆ ತಿನ್ನಲು ಬರುತ್ತಿರಲಿಲ್ಲ. ಇದ್ದ ಮಣಿಯೆಲ್ಲ ಬಾಲದಲ್ಲಿತ್ತು. ಬಾಲದ ಗೂಡುಗಳಲ್ಲಿ, ಬೀರಣ್ಣನಂಥವರ ಮೈಯಲ್ಲಿ, ಕರಿಯಜ್ಜನಂಥವರ ಮೈಯಲ್ಲಿ.

ಗೂಡಿನವರೆಲ್ಲ ಗುಡಾಣಪ್ಪನ ಸುತ್ತ ಸೇರಿದರು.

"ಬಾಯಿ ತೆಗಿ ಅಪ್ಪ" ಎಂದಳು ದ್ಯಾವಕ್ಕ. "ಇಲ್ಲದಿದ್ದರೆ ಗೊದ್ದಿ ಒಣಗಿ ಹೋಗ್ತಾಳೆ. ಅವಳ ಜೊತೆ ನಾವೂ."

"ತೆಗೆಯಲ್ಲ" ಎಂದ ಗುಡಾಣಪ್ಪ, ಮುಚ್ಚಿದ ಬಾಯೊಳಗಿನಿಂದಲೇ. "ಇನ್ನೊಬ್ಬ ಹೊನ್ನಿ ಬಂದರೆ?"

"ನಾನು ನೋಡಿ ಹೇಳ್ತೀನಲ್ಲ."

"ನೀನು ಅಲ್ಲಿರ್ತೀಯ, ನಾನು ಇಲ್ಲಿರ್ತೀನಿ. ದಾರೀಲಿ ಯಾರು ಯಾರ ಜಾಗಕ್ಕೆ ಬಂದರು ಅಂತ ನನಗೆ ಹೆಂಗೆ ಗೊತ್ತಾಗಬೇಕು?"

ಅದೂ ಸರಿಯೇ. ಆಗ ಕರಿಯಜ್ಜ ತನ್ನ ಜಾಗದಿಂದಲೇ ಕೂಗಿದ. "ನಾನು ಹೋಗ್ತೀನಿ ಕಣ್ರೋ. ನನಗೆ ಸಾಕಾಗೈತೆ. ಆದರೆ ಅಷ್ಟು ದೂರ ಒಬ್ಬನೇ ಹೋಗೋಕೆ ಒಂಥರಾ ಭಯ ಆಗ್ತದೆ."

"ನಾನು ಬರ್ತೀನಿ ಅಜ್ಜ" ಎಂದು ಒಂದು ಸಣ್ಣ ದನಿ ಕೇಳಿತು.

ಚಿಟ್ಟಕ್ಕ ಅವಳು. ಗೂಡಿನಲ್ಲಿ ಚಿಟ್ಟಕ್ಕಂದಿರು ಬೇಕಾದಷ್ಟು ಜನ ಇದ್ದರು. ಎಲ್ಲರೂ ಒಂದೇ ರೀತಿ; ಎಪ್ಪತ್ತಾರು ಮಣಿಯ ಪುಟ್ಟ ಸರ, ಗಟ್ಟಿ ಮಡಿಕೆ. ಎಂಥ ಬಿಸಿಲಿಗೂ ಅವರ ಮಡಿಕೆ ಬಿಚ್ಚುತ್ತಿರಲಿಲ್ಲ. ಬೇರೆ ಗೂಡುಗಳಲ್ಲೂ ಇದ್ದರು, ಕಲ್ಲಿನ ಮೇಲಿನ ಹಾವಸೆಯಲ್ಲೂ ಇದ್ದರು, ದೂರದ ಆಲದ ಮರದಲ್ಲೂ ಇದ್ದರು. ಎಳೆಯುವುದಕ್ಕೆ ಅವರಿಂದ ಆಗುತ್ತಿರಲಿಲ್ಲ, ಹೊರುವುದಕ್ಕೂ ಆಗುತ್ತಿರಲಿಲ್ಲ. ಅವರಿಗೆ ಬರುತ್ತಿದ್ದದ್ದು ಒಂದೇ: ಯಾರದಾದರೂ ಕೈ ಹಿಡಿದರೆ ಬಿಡದೆ ಹಿಡಿಯುವುದು.

ದ್ಯಾವಕ್ಕ ಕರಿಯಜ್ಜನ ಬೆನ್ನ ಮೇಲೆ ಕೈಯಿಟ್ಟಳು. ಕೊನೆಯ ಸಲ ನೋಡಿದಳು. "ಹೂಂ" ಎಂದಳು. "ಅಜ್ಜನ ಕೈ ಹಿಡಿ."

ಚಿಟ್ಟಕ್ಕ ಹಿಡಿದಳು. ಇಬ್ಬರು ಗಟ್ಟಿಗರು ಬಂದು ಅಂಟಿಕೊಂಡಿದ್ದ ಅಜ್ಜನನ್ನು ಮೆಲ್ಲಗೆ ಬಿಡಿಸಿದರು. ಚಿಟ್ಟಕ್ಕ ಅವನನ್ನು ಗುಡಾಣಪ್ಪನ ಬಾಗಿಲಿಗೆ ಕರೆತಂದಳು.

ಗುಡಾಣಪ್ಪ ತಡವಿ ನೋಡಿದ. "ಒಂದು ಕೈ. ಒಂದು ಕೈ ಅಂದ್ರೆ ಯಾರೋ ತಗುಲಿಕೊಂಡಿರಬಹುದು. ಆಗಲ್ಲ."

ಚಿಟ್ಟಕ್ಕ ತನ್ನ ಅಕ್ಕನನ್ನು ಕರೆದಳು. ಅವಳು ಬಂದು ಇವಳ ಕೈ ಹಿಡಿದಳು.

"ಎರಡು" ಎಂದ ಗುಡಾಣಪ್ಪ. "ಎರಡು ಅಂದ್ರೆ ಅವರವರೇ ಆಟ ಆಡ್ತಿರಬಹುದು. ಆಗಲ್ಲ."

ಇನ್ನೊಬ್ಬಳು ಬಂದಳು. "ಮೂರು. ಹಂ." ಮತ್ತೊಬ್ಬಳು ಬಂದಳು.

ಗುಡಾಣಪ್ಪ ಒಂದೊಂದೇ ಕೈ ಮುಟ್ಟಿ ನೋಡಿದ. ಒಬ್ಬಳ ಹಿಂದೆ ಒಬ್ಬಳು, ನಾಲ್ಕು ಜನ ಚಿಟ್ಟಕ್ಕಂದಿರು, ಸಾಲಾಗಿ ಕೈ ಹಿಡಿದು ನಿಂತಿದ್ದರು. "ನಾಲ್ಕು ಜನ ಸೇರಿ ಕರಕೊಂಡು ಬಂದಿದ್ದೀರಿ" ಎಂದ. "ಅಜ್ಜ, ನಿನ್ನ ಕೆಲಸ ಮುಗಿದಿದೆಯಾ?"

"ಮುಗಿದೈತೆ ಅಪ್ಪ."

ಗುಡಾಣಪ್ಪ ಬಾಯಿ ತೆರೆದ. ತೆರೆಯುವ ಮೊದಲು ಒಬ್ಬೊಬ್ಬ ಚಿಟ್ಟಕ್ಕನ ಕೈಯನ್ನೂ ಬಿಡಿಸಿದ. "ನೀವು ಒಳಗೆ ಬರಬೇಡಿ. ನೀವು ಇನ್ನೊಬ್ಬರ ಕೈ ಹಿಡೀಬೇಕು." ಅಜ್ಜನ ಮಡಿಕೆ ಒಂದೊಂದಾಗಿ ಬಿಚ್ಚಿಕೊಂಡಿತು. ಅಷ್ಟು ದಿನದಿಂದ ಸೊಟ್ಟಗಿದ್ದ ಬೆನ್ನು ನೇರವಾಯಿತು. "ಅಬ್ಬ" ಎಂದ ಅಜ್ಜ. ಬಿಸಿಲಲ್ಲಿ ಹೊರೆ ಇಳಿಸಿದವರು ಅನ್ನುತ್ತಾರಲ್ಲ, ಹಾಗೆ.

ಕೆಳಗಿನಿಂದ ಮಣಿಗಳು ಉರುಳಿದವು. ಒಂದಕ್ಕೂ ಸವೆತ ಇರಲಿಲ್ಲ. ಕೆಂಪು ಹೊಳೆ ಅವನ್ನು ಹೊತ್ತುಕೊಂಡು ಕಾಲಿನ ಮೊಗ್ಗಿಗೆ ಹೋಯಿತು. ಅಲ್ಲಿನವರು ಪೋಣಿಸಿದರು. ಹೊಸಬನೊಬ್ಬ ಎದ್ದು ನಿಂತ.

"ಅವನು ಕರಿಯಜ್ಜನಾ?" ಎಂದು ಯಾರೋ ಕೇಳಿದರು.

"ಅಲ್ಲ" ಎಂದಳು ದ್ಯಾವಕ್ಕ. "ಅಜ್ಜ ಇಲ್ಲ. ಅಜ್ಜನ ಮಣಿ ಐತೆ."

ಅವಳು ಸುಳ್ಳು ಹೇಳುವವಳಲ್ಲ. ಆದರೆ ಹೇಳುವಾಗ ಅವಳ ಮುಖ ಹಗುರಾಗಿತ್ತು.

ಅಂದಿನಿಂದ ಅದೇ ಪದ್ಧತಿಯಾಯಿತು. ಚಿಟ್ಟಕ್ಕಂದಿರನ್ನು ಎಬ್ಬಿಸುವವಳು ಒಬ್ಬಳು, ಕರೆದು ತರುವವಳು ಇನ್ನೊಬ್ಬಳು, ಬೆನ್ನ ಮೇಲೆ ಕೈಯಾಡಿಸಿ "ಇವರು" ಎಂದು ಹೇಳುವವಳು ದ್ಯಾವಕ್ಕ. ನಾಲ್ಕು ಜನ ಕೈ ಹಿಡಿದ ಮೇಲೆ ಗುಡಾಣಪ್ಪ. ಸುದ್ದಿ ಗೂಡಿನಿಂದ ಗೂಡಿಗೆ ಹೋಯಿತು. ಎಲ್ಲ ಗೂಡಿನ ಮುದ್ದೆಗಳೂ ಕರಗಿದವು. ಸಾಸಿವೆಯಷ್ಟಿದ್ದ ಮೊಗ್ಗು ಹೆಸರು ಕಾಳಿನಷ್ಟಾಯಿತು. ಹೆಸರು ಕಾಳು ಉದ್ದವಾಯಿತು. ಮೊಣಕಾಲು ಬಂತು. ಬೆರಳೂ ಮೂಡಿತು.

ಬಾಲ ಮಾತ್ರ ದಿನದಿನಕ್ಕೂ ಗಿಡ್ಡವಾಗುತ್ತಿತ್ತು.

ಗೊದ್ದಿ ಹಿಂದೆ ತಿರುಗಿ ನೋಡಿ ಅತ್ತಳು. "ನನ್ನ ಬಾಲ ಹೋಗ್ತಾ ಇದೆ" ಎಂದು ಗಾಳಿಗೆ ಹೇಳಿದಳು.

"ಹೋಗ್ತಾ ಇಲ್ಲ, ಮುಂದಕ್ಕೆ ಬರ್ತಾ ಇದೆ. ಕಾಲು ನೋಡಿಕೋ."

ಸವೆದವರೆಲ್ಲ ಹೋದರು. ಮಡಿಕೆ ಕೆಟ್ಟವರೆಲ್ಲ ಹೋದರು. ಕಾಲಿಗೆ ಇನ್ನೂ ಮಣಿ ಬೇಕಿತ್ತು. ಕೆಂಪು ಹೊಳೆಯಲ್ಲಿ ಕರೆ ಮತ್ತೆ ಬಂತು. ಈಗ ಅದು ಎಳೆಯುವವರನ್ನು ಕೇಳುತ್ತಿತ್ತು. ಮಡಿಕೆ ಗಟ್ಟಿ ಇರುವವರನ್ನೇ ಕೇಳುತ್ತಿತ್ತು. ಬಾಲವೇ ಬೇಡವಾದ ಮೇಲೆ ಬಾಲ ಎಳೆಯುವವರ ಕೆಲಸ ಮುಗಿದ ಹಾಗಲ್ಲವೆ?

ದ್ಯಾವಕ್ಕ ಎಳೆಯುವವರ ಸಾಲಿನ ಉದ್ದಕ್ಕೂ ನಡೆದಳು. ಈ ತುದಿಯವನ ಬೆನ್ನು ಮುಟ್ಟಿದಳು. ಆ ತುದಿಯವನ ಬೆನ್ನು ಮುಟ್ಟಿದಳು. ಬೀರಣ್ಣನ ಹತ್ತಿರ ಬಂದಾಗ ಮುಖ ಆಚೆ ತಿರುಗಿಸಿ ಮುಂದೆ ಹೋದಳು. ಮಾರನೆಯ ದಿನವೂ ಹಾಗೇ ಮಾಡಿದಳು. ಅದರ ಮಾರನೆಯ ದಿನವೂ ಹಾಗೇ.

ಸಾಲು ಕರಗಿತು. ಒಂದು ಬೆಳಿಗ್ಗೆ ನೋಡಿದರೆ ಆ ಗೂಡಿನಲ್ಲಿ ಎಳೆಯುವವರು ಬೆರಳೆಣಿಕೆಯಷ್ಟು ಉಳಿದಿದ್ದರು.

"ದ್ಯಾವಕ್ಕ" ಎಂದ ಬೀರಣ್ಣ. "ನನ್ನ ಬೆನ್ನು ಮುಟ್ಟಿ ಎಷ್ಟು ದಿನ ಆಯ್ತು?"

"ನಿನ್ನ ಬೆನ್ನಿಗೇನಾಗೈತೆ? ಚೆನ್ನಾಗೇ ಇದ್ದೀಯಲ್ಲ."

"ಚೆನ್ನಾಗಿರೋರೂ ಹೋದರಲ್ಲ."

ದ್ಯಾವಕ್ಕ ಪಕ್ಕದವನ ಬೆನ್ನಿಗೆ ಕೈ ಚಾಚಿದಳು. ಬೀರಣ್ಣ ಬಿಡಲಿಲ್ಲ.

"ಕಾಲು ಇನ್ನೂ ಗಟ್ಟಿ ಆಗಿಲ್ಲ. ನೀನು ನನ್ನನ್ನ ಬಚ್ಚಿಟ್ಟುಕೊಂಡ್ರೆ ಅವಳು ಹಾರೋದು ಹೆಂಗೆ?"

"ನಿನಗೆ ಭಯ ಆಗಲ್ವಾ?" ಎಂದು ದ್ಯಾವಕ್ಕ ಕೇಳಿದಳು.

"ಆಗ್ತದೆ. ರಾಶಿ ಆಗ್ತದೆ. ಯಾರು ಇಲ್ಲ ಅಂದರು?"

ದ್ಯಾವಕ್ಕ ಅವನ ಹತ್ತಿರ ಬಂದಳು. ಅವನ ಬೆನ್ನ ಮೇಲೆ ಅಂಗೈ ಇಟ್ಟಳು. ಭುಜದ ಹತ್ತಿರ ಯಾವಾಗಲೂ ಸಡಿಲವಾಗುವ ಮಡಿಕೆ ಈಗಲೂ ಒಂಚೂರು ಸಡಿಲವಾಗಿತ್ತು. ಅದನ್ನು ಒತ್ತಿ ಸರಿ ಮಾಡಿದಳು. ಬಿಚ್ಚಲಿರುವ ಮಡಿಕೆಯನ್ನು ಯಾಕೆ ಸರಿ ಮಾಡಬೇಕು? ಅವಳಿಗೇ ಗೊತ್ತಿರಲಿಲ್ಲ. ಸರಿ ಮಾಡಿ, ಬಹಳ ಹೊತ್ತು ಹಾಗೇ ನಿಂತು, ಕೊನೆಗೆ "ಇವನು" ಎಂದಳು.

ಒಬ್ಬ ಚಿಟ್ಟಕ್ಕ ಬಂದು ಬೀರಣ್ಣನ ಕೈ ಹಿಡಿದಳು. ಇನ್ನೊಬ್ಬಳು ಅವಳ ಕೈ ಹಿಡಿದಳು. ಮೂರನೆಯವಳೂ ಹಿಡಿದಳು.

ಆಗ ನೀರು ಇದ್ದಕ್ಕಿದ್ದ ಹಾಗೆ ಕಪ್ಪಾಯಿತು. ಒಂದು ನೆರಳು.

ದೊಣೆಯ ಅಂಚಿನಲ್ಲಿ ಬೆಳ್ಳಕ್ಕಿ ಇಳಿದಿತ್ತು. ಉದ್ದ ಕಾಲು, ಉದ್ದ ಕೊಕ್ಕು. ದೊಣೆಯ ನೀರು ಈಗ ಒಂದು ಬೋಗುಣಿಯಷ್ಟಿತ್ತು. ಅದರ ನಡುವೆ ಗೊದ್ದಿ.

"ನನ್ನನ್ನ ಬಿಟ್ಟುಬಿಡು" ಎಂದಳು ಗೊದ್ದಿ.

"ಬಿಡಬಹುದಿತ್ತು" ಎಂದಿತು ಬೆಳ್ಳಕ್ಕಿ. "ಆದರೆ ನಂಗೂ ಮೂರು ದಿನದಿಂದ ಏನೂ ಸಿಕ್ಕಿಲ್ಲ ಕಣೆ." ಕೊಕ್ಕು ಎತ್ತಿತು.

ಕಾಲಿನವರು ಒದ್ದರು. ಹೊಸಬರು ಅವರು, ಒದೆತ ಇನ್ನೂ ಬಲಿತಿರಲಿಲ್ಲ. ಗೊದ್ದಿ ಇದ್ದಲ್ಲೇ ಮಿಸುಕಾಡಿದಳು. ಬಾಲ ಬಡಿದರೆ ಮಾತ್ರ ಉಳಿವು. ಬಾಲದಲ್ಲಿ ಯಾರಿದ್ದಾರೆ?

"ಬಿಡಿ!" ಎಂದು ದ್ಯಾವಕ್ಕ ಕೂಗಿದಳು. "ಚಿಟ್ಟಕ್ಕ, ಕೈ ಬಿಡಿ, ಬಿಡಿ! ಇವನ ಕೆಲಸ ಇನ್ನೂ ಮುಗಿದಿಲ್ಲ!"

ಹಿಡಿದರೆ ಬಿಡದ ಚಿಟ್ಟಕ್ಕಂದಿರು ಅವರು. ದ್ಯಾವಕ್ಕ ತಾನೇ ಓಡಿಬಂದು ಒಂದೊಂದೇ ಬೆರಳು ಬಿಡಿಸಿದಳು. ಮೂರನೆಯವಳು ಬಿಟ್ಟಳು, ಎರಡನೆಯವಳು ಬಿಟ್ಟಳು, ಮೊದಲನೆಯವಳು ಬಿಟ್ಟಳು. ಬೀರಣ್ಣ ಓಡಿ ತನ್ನ ಜಾಗದಲ್ಲಿ ನಿಂತ. ಉಳಿದ ಬೆರಳೆಣಿಕೆಯವರು ಪಕ್ಕಕ್ಕೆ ಬಂದರು. ಅಕ್ಕಪಕ್ಕದ ಗೂಡುಗಳಲ್ಲೂ ಉಳಿದವರು ಎದ್ದು ನಿಂತರು.

"ಎಳೀರಿ!" ಎಂದ ಬೀರಣ್ಣ.

ಎಳೆ, ಬಿಡು. ಎಳೆ, ಬಿಡು. ಹತ್ತು ಜನ ಎಳೆಯುವಷ್ಟನ್ನು ಬೀರಣ್ಣ ಒಬ್ಬನೇ ಎಳೆದ. ಗಿಡ್ಡ ಬಾಲ, ಮೊಂಡು ಬಾಲ ನೀರನ್ನು ಬಡಿಯಿತು. ಗೊದ್ದಿ ಪಕ್ಕಕ್ಕೆ ಚಿಮ್ಮಿದಳು. ಕೊಕ್ಕು ಬಂಡೆಗೆ ಬಡಿದು ಟಕ್ ಎಂದಿತು.

ಎಳೆ, ಬಿಡು. ಎಳೆ, ಬಿಡು. ದೊಣೆಯ ತಳದಲ್ಲಿ ಒಂದು ಬಿರುಕು ಇತ್ತು. ಗೊದ್ದಿ ಅದರೊಳಗೆ ನುಗ್ಗಿದಳು. ಕೊಕ್ಕು ಮತ್ತೆ ಬಂತು, ಬಿರುಕಿನ ಬಾಯಿಗೆ ತಗುಲಿ ನಿಂತಿತು. ಒಳಗೆ ಬರಲಾಗಲಿಲ್ಲ.

ಬೆಳ್ಳಕ್ಕಿ ಸ್ವಲ್ಪ ಹೊತ್ತು ಒಂಟಿ ಕಾಲಲ್ಲಿ ಕಾಯಿತು. ಆಮೇಲೆ "ಹೋಗಲಿ ಬಿಡು, ಹೊಳೇಲಿ ಮೀನಾದ್ರೂ ಸಿಗುತ್ತೇನೋ" ಎಂದು ಹಾರಿಹೋಯಿತು.

ಬಿರುಕಿನ ಒಳಗೆ ತಂಪಾಗಿತ್ತು. ಗೂಡಿನಲ್ಲಿ ಬೀರಣ್ಣ ಕುಸಿದು ಕೂತಿದ್ದ. ಅವನ ಸರದ ಮಡಿಕೆಗಳು ಅಲ್ಲಲ್ಲಿ ಬಿಟ್ಟುಹೋಗಿದ್ದವು. ದ್ಯಾವಕ್ಕ ಪಕ್ಕದಲ್ಲಿ ಕೂತು ಒತ್ತಿ ನೋಡಿದಳು. ಈ ಸಲ ಯಾವ ಮಡಿಕೆಯೂ ಅವಳ ಕೈಗೆ ಮರಳಿ ಕೂರಲಿಲ್ಲ.

"ಸರಿ ಹೋಗ್ತದಾ?" ಎಂದು ಬೀರಣ್ಣ ಕೇಳಿದ. ಕೇಳಿ, ನಕ್ಕ.

"ಇಲ್ಲ ಕಣಣ್ಣ" ಎಂದಳು ದ್ಯಾವಕ್ಕ.

"ಹಂಗಾದ್ರೆ ಈಗ ಕರಿ ಅವರನ್ನ. ಈಗ ನಂಗೆ ಭಯ ಇಲ್ಲ. ದಣಿವಾಗೈತೆ ಅಷ್ಟೇ."

ಚಿಟ್ಟಕ್ಕಂದಿರು ಬಂದರು. ಒಬ್ಬಳು, ಇಬ್ಬರು, ಮೂವರು, ನಾಲ್ವರು. ದ್ಯಾವಕ್ಕ ಬೀರಣ್ಣನ ಇನ್ನೊಂದು ಕೈ ಹಿಡಿದಳು. ಬಾಗಿಲವರೆಗೆ ಹೋಗುವುದು ಅವಳ ಕೆಲಸವಲ್ಲ. ಆ ದಿನ ಹೋದಳು.

ಗುಡಾಣಪ್ಪ ತಡವಿದ. "ನಾಲ್ಕು" ಎಂದ. ಆಮೇಲೆ ತಡೆದ. "ಇದ್ಯಾರದು, ಐದನೇ ಕೈ?"

"ನಾನು ಅಪ್ಪ. ನಾನು ಬಿಡೋಕೆ ಬಂದಿದ್ದೀನಿ."

"ನಿಧಾನ ಮಾಡವ್ವ. ನನಗೇನೂ ಅವಸರ ಇಲ್ಲ."

ದ್ಯಾವಕ್ಕ ಬೀರಣ್ಣನ ಭುಜದ ಮೇಲೆ ಕೈಯಿಟ್ಟಳು. "ನೀನು ಎಳೆಯೋ ಸದ್ದು ಚೆನ್ನಾಗಿತ್ತು" ಎಂದಳು.

"ನೀನು ಒತ್ತಿದ್ದು ಚೆನ್ನಾಗಿತ್ತು" ಎಂದ ಬೀರಣ್ಣ.

ಅಷ್ಟೇ ಅವರು ಮಾತಾಡಿದ್ದು. ಗುಡಾಣಪ್ಪ ಒಬ್ಬೊಬ್ಬ ಚಿಟ್ಟಕ್ಕನ ಕೈ ಬಿಡಿಸಿದ. ದ್ಯಾವಕ್ಕ ತನ್ನ ಕೈಯನ್ನು ತಾನೇ ಬಿಡಿಸಿಕೊಂಡಳು. ಉದ್ದನೆಯ ಸರ ಮೆಲ್ಲಗೆ ಬಿಚ್ಚಿಕೊಂಡು ಒಳಗೆ ಹೋಯಿತು. ಬಹಳ ಉದ್ದವಿತ್ತು, ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ಅಲ್ಲೇ ನಿಂತಿದ್ದಳು.

ಮಣಿಗಳು ಕೆಂಪು ಹೊಳೆಗೆ ಬಿದ್ದು ಕಾಲಿನ ಕಡೆಗೆ ಹೋದವು.

ಆಮೇಲೆ ಆ ಗೂಡಿನಲ್ಲಿ ಹೆಚ್ಚು ಜನ ಉಳಿಯಲಿಲ್ಲ. ಉಳಿದವರ ಬೆನ್ನನ್ನು ದ್ಯಾವಕ್ಕ ಒಂದೊಂದಾಗಿ ಮುಟ್ಟಿದಳು, ಒಬ್ಬೊಬ್ಬರನ್ನೂ ಕಳಿಸಿದಳು. ಕೊನೆಗೆ ಮುಟ್ಟಲು ಇನ್ಯಾರ ಬೆನ್ನೂ ಇರಲಿಲ್ಲ. ಕೈ ಹಿಂದಕ್ಕೆ ಚಾಚಿ ತನ್ನ ಬೆನ್ನನ್ನು ತಾನೇ ಮುಟ್ಟಿಕೊಂಡಳು.

"ಇವಳು" ಎಂದಳು.

ಚಿಟ್ಟಕ್ಕಂದಿರು ಬಂದು ಅವಳ ಕೈ ಹಿಡಿದರು. ಎಲ್ಲರನ್ನೂ ಹಿಡಿದ ಹಾಗೇ ಹಿಡಿದರು. ಒಂಚೂರು ಬಿಗಿಯಾಗಿಯೇ ಹಿಡಿದರು ಅಂತ ನನಗೆ ಅನ್ನಿಸುತ್ತದೆ.

ಎರಡು ದಿನ ಗೊದ್ದಿ ಆ ಬಿರುಕಿನಲ್ಲಿ ಅಲುಗಾಡದೆ ಕೂತಿದ್ದಳು. ಏನೂ ತಿನ್ನಲಿಲ್ಲ. ಮುಂಗಾಲುಗಳೂ ಬಂದವು. ಮೂರನೆಯ ಬೆಳಿಗ್ಗೆ ದೊಣೆಯಲ್ಲಿ ನೀರೇ ಇರಲಿಲ್ಲ. ಒದ್ದೆ ಕಲ್ಲು ಮಾತ್ರ ಇತ್ತು. ಗೊದ್ದಿ ಬಿರುಕಿನಿಂದ ಹೊರಗೆ ತಲೆ ಹಾಕಿದಳು.

"ಹೊಳೆ ಯಾವ ಕಡೆ?" ಎಂದು ಗಾಳಿಯನ್ನು ಕೇಳಿದಳು.

"ನಾನು ಬೀಸೋ ಕಡೆ. ಬಾ."

ಕಾಲು ಮಡಿಸಿದಳು. ಕಾಲಿನ ಗೂಡುಗಳಲ್ಲಿ ಹೊಸಬರು ಸಾಲಾಗಿ ನಿಂತಿದ್ದರು. ಅವರಿಗೆ ಯಾರೂ ಕಲಿಸಿರಲಿಲ್ಲ. ಎಳೆದರು, ಬಿಟ್ಟರು. ಗೊದ್ದಿ ನೆಲ ಬಿಟ್ಟು ಮೇಲಕ್ಕೆ ಹೋದಳು. ಮೊಟ್ಟಮೊದಲ ಸಲ ಅವಳಿಗೆ ಸುತ್ತಲೂ ಗಾಳಿ ಮಾತ್ರ ಇತ್ತು. ಕೆಳಗೆ ಬಿದ್ದಾಗ ಗದ್ದ ಬಂಡೆಗೆ ತಾಗಿತು. ಮತ್ತೆ ಹಾರಿದಳು. ಮತ್ತೆ ಬಿದ್ದಳು. ಬಂಡೆಯ ಇಳಿಜಾರಿನ ಉದ್ದಕ್ಕೂ ಹಾರುತ್ತಾ ಬೀಳುತ್ತಾ, ಬಿಸಿಲು ಏರುವ ಮೊದಲು ಹೊಳೆಯ ಹಸಿ ಮರಳಿಗೆ ಬಂದು ಮುಟ್ಟಿದಳು.

ಹೊಳೆ ಅವಳನ್ನು ನೋಡಿತು. "ನೀನು ದೊಣೆಯ ಗೊದ್ದಿ ಅಲ್ವಾ? ಗಾಳಿ ಹೇಳ್ತಿತ್ತು. ನಿನಗೆ ಬಾಲ ಇತ್ತಂತಲ್ಲ. ಎಲ್ಲಿ ಬಿಟ್ಟು ಬಂದೆ?"

ಗೊದ್ದಿ ಹಿಂದೆ ತಿರುಗಿ ನೋಡಿದಳು. ಬಾಲದ ಜಾಗದಲ್ಲಿ ಒಂದು ಮೊಟಕು ಮಾತ್ರ ಇತ್ತು. ಬಂಡೆಯ ಮೇಲೆ ಎಲ್ಲೂ ಬಾಲ ಬಿದ್ದಿರಲಿಲ್ಲ. ದೊಣೆಯಲ್ಲೂ ಇರಲಿಲ್ಲ. ಆಮೇಲೆ ತನ್ನ ಕಾಲುಗಳನ್ನು ನೋಡಿಕೊಂಡಳು.

"ಎಲ್ಲೂ ಬಿಟ್ಟಿಲ್ಲ" ಎಂದಳು. "ತಂದಿದ್ದೀನಿ."

ಹೊಳೆಗೆ ಅರ್ಥವಾಯಿತೋ ಇಲ್ಲವೋ. "ಬಾ, ನೀರು ತಂಪಾಗಿದೆ" ಎಂದಿತು. ಗೊದ್ದಿ ನೀರಿಗೆ ಹಾರಿದಳು.

ಅದಕ್ಕೇ ಮಗು, ನೀನು ಕೆರೆಯಲ್ಲಿ ಎಷ್ಟು ಹುಡುಕಿದರೂ ಉದುರಿದ ಗೊದಮೊಟ್ಟೆ ಬಾಲ ಒಂದೂ ಸಿಗುವುದಿಲ್ಲ. ಮಳೆಗಾಲದಲ್ಲಿ ದಡದ ಹುಲ್ಲಿನ ಮೇಲೆ ಮೊಟಕು ಬಾಲದ ಪುಟ್ಟ ಕಪ್ಪೆಯೊಂದು ಬಾಯಿ ಮುಚ್ಚಿ, ಏನೂ ತಿನ್ನದೆ, ಅಲುಗಾಡದೆ ಕೂತಿದ್ದರೆ ಅದನ್ನು ಕಡ್ಡಿಯಿಂದ ಎಬ್ಬಿಸಬೇಡ, ಅದರ ಒಳಗೆ ಈಗಲೂ ಯಾರೋ ಯಾರದೋ ಕೈ ಹಿಡಿದು ನಿಧಾನವಾಗಿ ನಡೆಸಿಕೊಂಡು ಹೋಗುತ್ತಿರುತ್ತಾರೆ.